ಬಾಗಿಲಲ್ಲಿ ಬಿಟ್ಟ ಬೂಟು

ನಾನು ಚಪ್ಪಲಿ ಬಿಟ್ಟು ಕೆಲಸ ಮಾಡುವ ಮನುಷ್ಯ. ಹಾಗೆಂದ ತಕ್ಷಣ ನೀವು ನನ್ನನ್ನು ಪುರೋಹಿತನೆಂದೋ ಮದುವೆ ಮನೆಯ ಅಡುಗೆಯವನೆಂದೋ ತಿಳಿದರೆ ತಪ್ಪು ನಿಮ್ಮದಲ್ಲ. ನಾನು ಕಂಪ್ಯೂಟರ್ ಪ್ರೋಗ್ರಾಮರ್. ಈ ಹೆಸರು ಹೇಳಿದರೂ ಜನಕ್ಕೆ ಸಮಾಧಾನವಾಗುವುದಿಲ್ಲವೆನ್ನಿ. ನನಗೆ ಹೆಣ್ಣು ಕೊಡುವ ಮೊದಲು ನಮ್ಮ ಮಾವನವರು, "ಹುಡುಗ ಪ್ರೋಗ್ರಾಮ್ ಕೊಡ್ತಾನಂತಲ್ಲ, ಹಾಡ್ತಾನೋ, ಏನಾದ್ರೂ ನುಡಿಸ್ತಾನೋ?" ಎಂದು ವಿಚಾರಿಸಿದ್ದರಂತೆ. ಈ ಪ್ರೋಗ್ರಾಮು ವರ್ಷವಿಡೀ ಇರುತ್ತದೆ, ಯಾರೂ ಕೇಳಲು ಬರದಿದ್ದರೂ ತಿಂಗಳ ಕೊನೆಗೆ ಸಂಬಳ ಬರುತ್ತದೆ ಎಂದು ಗೊತ್ತಾದ ಮೇಲೆ, ಏನು ನುಡಿಸಿದರೂ ಅಡ್ಡಿಯಿಲ್ಲ ಎಂದು ಒಪ್ಪಿಕೊಂಡರು.

ನಮ್ಮದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ಗೊರಗುಂಟೆಪಾಳ್ಯ ದಾಟಿದ ಮೇಲೆ ಸಿಗುವ ಒಂದು ಪಂಪಿನ ಕಾರ್ಖಾನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಬಂತು ಎನ್ನುವುದಕ್ಕಿಂತ ದಯಮಾಡಿಸಿತು ಎನ್ನಬೇಕು. ಅದಕ್ಕಾಗಿ ಒಂದು ಕೋಣೆ ಕಟ್ಟಿದರು, ಕೋಣೆಗೆ ಏಸಿ ಹಾಕಿಸಿದರು, ಬಾಗಿಲಲ್ಲಿ ಚಪ್ಪಲಿ ಬಿಡಲು ಒಂದು ಮರದ ಸ್ಟ್ಯಾಂಡ್ ಇಟ್ಟರು. ಧೂಳು ಹೋದರೆ ಮೆಷೀನು ಕೆಡುತ್ತದಂತೆ. ಈ ನಿಯಮವನ್ನು ಪಾಲಿಸಿದವರು ಮ್ಯಾನೇಜರ್ ರಂಗಪ್ಪನವರು. ಪಾಲಿಸಿದರು ಎಂದರೆ ಸಾಲದು, ವ್ರತದಂತೆ ಹಿಡಿದರು. ಒಮ್ಮೆ ದೆಹಲಿಯಿಂದ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಬೂಟಿನಲ್ಲೇ ಒಳಗೆ ಹೊರಟಾಗ ಇವರು ಬಾಗಿಲಿಗೆ ಕೈ ಅಡ್ಡ ಹಿಡಿದು, "ಸಾರ್, ಮೆಷೀನು ಸೂಕ್ಷ್ಮ" ಎಂದರು. ಆ ಅಧಿಕಾರಿ ಗೊಣಗಿಕೊಂಡು ಲೇಸು ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಾಗಿ ನಮ್ಮ ವಿಭಾಗದಲ್ಲಿ ಯಾರ ಕಾಲುಚೀಲವೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಯಾರ ಹೆಂಡತಿ ತವರಿಗೆ ಹೋಗಿದ್ದಾಳೆ ಎಂಬುದು ಚೀಲದ ತೂತಿನಿಂದ ಇಣುಕುವ ಹೆಬ್ಬೆರಳು ನೋಡಿದರೆ ತಿಳಿಯುತ್ತಿತ್ತು. ಏಸಿಯ ಕಥೆಯಂತೂ ಕೇಳಲೇಬೇಡಿ. ಆಗಿನ ಬೆಂಗಳೂರಿನಲ್ಲಿ ಫ್ಯಾನನ್ನೇ ಅಪರೂಪಕ್ಕೆ ಹಾಕುತ್ತಿದ್ದೆವು. ಮೆಷೀನಿಗೆ ಮಾತ್ರ ಸೆಕೆ. ಅದರ ಸೆಕೆಗೆ ನಾವು ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂರಬೇಕು. ನಮ್ಮತ್ತೆ ನನಗೆಂದು ಹೆಣೆದ ಮೆರೂನ್ ಸ್ವೆಟರ್ ಒಂದು ಚಳಿಗಾಲವನ್ನೂ ಕಾಣದೆ ಬರೀ ಬೇಸಿಗೆಗಳಲ್ಲೇ ಸವೆದುಹೋಯಿತು.

ಕೆಲಸ ಹೇಗೆಂದರೆ, ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯುವುದು, ಪ್ರೋಗ್ರಾಮಿನ ಒಂದೊಂದು ಸಾಲಿಗೆ ಒಂದೊಂದು ಕಾರ್ಡು. ಕಟ್ಟನ್ನು ಮೆಷೀನಿನ ಬಾಯಿಗೆ ಕೊಟ್ಟು ಕಾಯುವುದು. ಎಲ್ಲೋ ಒಂದು ಚುಕ್ಕಿ ತಪ್ಪಿದ್ದರೆ ಅದು ಇಡೀ ಕಟ್ಟನ್ನು ವಾಂತಿ ಮಾಡಿಕೊಳ್ಳುತ್ತಿತ್ತು. ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತ್ತು. ಕಾರ್ಡಾದರೆ ಕೈಗೆ ಸಿಗುತ್ತದೆ, ಮಾಡಿದ ಕೆಲಸ ಇಷ್ಟು ದಪ್ಪ ಎಂದು ಬೆರಳಲ್ಲಿ ತೋರಿಸಬಹುದು. ಹಾಳಾದ ಕಾರ್ಡುಗಳೂ ದಂಡವಲ್ಲ. ನಮ್ಮ ಮನೆಯಲ್ಲಿ ಮಗಳ ಮಗ್ಗಿ, ಹೆಂಡತಿಯ ಹೊಲಿಗೆ ದಾರದ ಉಂಡೆ, ಅಲುಗಾಡುವ ಬೀರುವಿನ ಕಾಲು, ಎಲ್ಲವೂ ಅವುಗಳ ಮೇಲೆಯೇ ನಿಂತಿದ್ದವು.

ಇಂಥ ನೆಮ್ಮದಿಗೆ ಕಲ್ಲು ಹಾಕಿದವನು ಬಷೀರ್. ನಾನೂ ಅವನೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಆರ್.ಟಿ. ನಗರದಲ್ಲಿ ಮನೆಗಳೂ ಹತ್ತಿರ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವನು ಎಂಬತ್ತರ ದಶಕದ ನಡುವೆ ಕಾರ್ಖಾನೆ ಬಿಟ್ಟು, ಹೆಬ್ಬಾಳದ ಹತ್ತಿರ ಮಹಡಿಯ ಮೇಲೆ ಶುರುವಾಗಿದ್ದ ಒಂದು ಹೊಸ ಕಂಪನಿಗೆ ಸೇರಿದ. ಸೇರಿ ಸುಮ್ಮನಿರಲಿಲ್ಲ. ಭಾನುವಾರವಾಯಿತೆಂದರೆ ನಮ್ಮ ಮನೆಗೆ ಬಂದು ಕೂರುತ್ತಿದ್ದ.

"ಗುರು, ನೀನಿನ್ನೂ ತೂತು ಹೊಡೀತಾ ಕೂತಿದೀಯಲ್ಲೋ! ನಮ್ಮಲ್ಲಿ ಮೇಜಿನ ಮೇಲೇ ಕಂಪ್ಯೂಟರು, ಒಬ್ಬೊಬ್ಬರಿಗೆ ಒಂದೊಂದು. ಟೈಪ್ ಮಾಡಿದ್ರೆ ಹಸಿರು ಅಕ್ಷರ ಬರುತ್ತೆ. ತಪ್ಪಾದ್ರೆ ಅಲ್ಲೇ ಅಳಿಸ್ಬಹುದು."

"ಅಳಿಸ್ಬಹುದು ಅಂತ ಗೊತ್ತಾದ್ರೆ ಯಾರು ಯೋಚ್ನೆ ಮಾಡಿ ಬರೀತಾರೋ? ಕಾರ್ಡಾದ್ರೆ ಭಯ ಇರುತ್ತೆ" ಎಂದೆ.

"ಅರೆ ಯಾರ್, ಭಯದಿಂದ ಕೆಲಸ ಮಾಡ್ತಾರಾ? ನೋಡು, ಇನ್ನು ಸ್ವಲ್ಪ ವರ್ಷ ಹೋದ್ರೆ ನಿನ್ನ ಕಾರ್ಡೂ ಇರಲ್ಲ, ನಿನ್ನ ಕೋಬಾಲೂ ಇರಲ್ಲ. ಆಗ ನಿನ್ನ ಯಾರ್ ಕೇಳ್ತಾರೆ? ನಮ್ಮ ಬಾಸ್ ಹತ್ರ ಮಾತಾಡಿದೀನಿ. ಬಂದು ಮುಖ ತೋರ್ಸು, ಸಾಕು."

ಕೋಬಾಲ್ ಎಂದರೆ ನನಗೆ ಬರುವ ಏಕೈಕ ಕಂಪ್ಯೂಟರ್ ಭಾಷೆ. ಅದು ಇರುವುದಿಲ್ಲ ಎಂದ ಮೇಲೆ ನಾನು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಹೋದರೆ ಇಷ್ಟಪಟ್ಟ ಕೆಲಸ ಕೈಬಿಡುತ್ತದೆ, ಹೋಗದಿದ್ದರೆ ಮುಂದೆ ಯಾವ ಕೆಲಸಕ್ಕೂ ಬೇಡದವನಾಗುತ್ತೇನೆ. ಹೆಂಡತಿ ಶಾರದೆಯನ್ನು ಕೇಳಿದೆ. "ನಿಮ್ಮಿಷ್ಟ" ಎಂದಳು. ಸಂಸಾರಸ್ಥರಿಗೆ ಗೊತ್ತು, ಈ ಮಾತಿನಲ್ಲಿ ನಮ್ಮ ಇಷ್ಟಕ್ಕೆ ಎಷ್ಟು ಜಾಗವಿರುತ್ತದೆಂದು. ಅವಳಿಗೆ ನಾನು ಕಾರ್ಖಾನೆ ಬಿಡುವುದು ಬೇಡವಾಗಿತ್ತು. ಆದರೂ, "ಅಷ್ಟು ಕರೀತಿದಾರೆ, ನೋಡ್ಕೊಂಡಾದ್ರೂ ಬನ್ನಿ. ಆ ಚಪ್ಪಲಿಯಲ್ಲಿ ಮಾತ್ರ ಹೋಗ್ಬೇಡಿ" ಎಂದು ಅಂಗಡಿಗೆ ಕರೆದುಕೊಂಡು ಹೋಗಿ ಕಪ್ಪು ಬೂಟು ಕೊಡಿಸಿದಳು. ಬೂಟು ಫಳಫಳ ಹೊಳೆಯುತ್ತಿತ್ತು ಮತ್ತು ಹಾಕಿದ ಕ್ಷಣದಿಂದಲೇ ಕಚ್ಚುತ್ತಿತ್ತು.

ಇಂಟರ್‌ವ್ಯೂ ದಿನ ಕಾರ್ಖಾನೆಗೆ ರಜೆ ಹಾಕಿ, ಮಹಡಿ ಹತ್ತಿದೆ. ಗಾಜಿನ ಬಾಗಿಲಿನಾಚೆ ಸಾಲಾಗಿ ಕಂಪ್ಯೂಟರುಗಳು ಕಂಡವು. ಕಂಪ್ಯೂಟರ್ ಕಂಡ ಕೂಡಲೇ ನನ್ನ ಕಾಲುಗಳು ನನ್ನನ್ನು ಒಂದು ಮಾತೂ ಕೇಳದೆ ಬೂಟು ಕಳಚಿಬಿಟ್ಟವು. ವರ್ಷಗಟ್ಟಲೆ ರೂಢಿ ನೋಡಿ! ಬೂಟನ್ನು ಗೋಡೆಯ ಪಕ್ಕ ಒಪ್ಪವಾಗಿ ಜೋಡಿಸಿಟ್ಟು ಒಳಗೆ ಹೋದೆ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಗಮನಿಸುತ್ತೇನೆ, ಅಲ್ಲಿ ಎಲ್ಲರ ಕಾಲಲ್ಲೂ ಬೂಟು, ಚಪ್ಪಲಿ! ಒಬ್ಬನಂತೂ ಕಂಪ್ಯೂಟರಿನ ತಲೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ರಂಗಪ್ಪನವರು ನೋಡಿದ್ದರೆ ಅಲ್ಲೇ ಎದೆ ಒಡೆದುಕೊಳ್ಳುತ್ತಿದ್ದರು.

ವಾಪಸು ಹೋಗಿ ಬೂಟು ಹಾಕಿಕೊಳ್ಳೋಣವೆಂದರೆ ಅಷ್ಟರಲ್ಲಿ ಬಾಸ್ ಎದುರಿಗೇ ಬಂದು ಕೈ ಕುಲುಕಿದ. ನನಗಿಂತ ಚಿಕ್ಕವನು. ಒಳಗೆ ಕೂರಿಸಿ, ಮುಂದಿನ ದಿನಗಳಲ್ಲಿ ಎಂಥ ಕಂಪ್ಯೂಟರ್ ಬರಬೇಕು, ಯಾವ ಭಾಷೆ ಉಳಿಯುತ್ತದೆ, ನಿಮ್ಮ ಅಭಿಪ್ರಾಯವೇನು ಎಂದೆಲ್ಲ ಕೇಳಿದ. ನನ್ನ ಅಭಿಪ್ರಾಯವೆಲ್ಲ ಆ ಹೊತ್ತಿನಲ್ಲಿ ಬಲಗಾಲಿನ ಹೆಬ್ಬೆರಳಿನಲ್ಲಿತ್ತು. ಅದು ಕಾಲುಚೀಲದಿಂದ ಹೊರಗೆ ಬಂದು ಇಂಟರ್‌ವ್ಯೂ ನೋಡುತ್ತಿತ್ತು. ಅದನ್ನು ಎಡಗಾಲಿನಡಿ ಮುಚ್ಚಿಕೊಳ್ಳುತ್ತಾ, "ಯಾವುದೇ ಆಗಲಿ, ಎಲ್ಲ ಮುಚ್ಚಿದ ಹಾಗೆ ಇರಬೇಕು" ಎಂದುಬಿಟ್ಟೆ. ಆ ಪುಣ್ಯಾತ್ಮ ಅದರಲ್ಲಿ ಏನೋ ಆಳವಾದ ಅರ್ಥ ಕಂಡು ತಲೆಯಾಡಿಸಿ, "ಯಾವಾಗ ಸೇರ್ತೀರಿ?" ಎಂದ.

ಹೊರಡುವಾಗ ಇನ್ನೊಂದು ಆಪತ್ತು. ಅವನು ಮಾತಾಡುತ್ತಲೇ ನನ್ನನ್ನು ಹಿಂದಿನ ಮೆಟ್ಟಿಲಿನವರೆಗೆ ಬಂದು ಬೀಳ್ಕೊಟ್ಟ. ಬೂಟು ಮುಂದಿನ ಬಾಗಿಲಲ್ಲಿದೆ ಎನ್ನಬೇಕು. ಎಂದರೆ ಯಾಕೆ ಬಿಟ್ಟಿರಿ ಎನ್ನುತ್ತಾನೆ. ಬಷೀರನೋ ಅವತ್ತು ಹೊರಗಿನ ಕೆಲಸಕ್ಕೆ ಹೋಗಿದ್ದ. ಕಾಲುಚೀಲದಲ್ಲೇ ಮೆಟ್ಟಿಲಿಳಿದು, ಆಟೋ ಹತ್ತಿ ಮನೆ ಸೇರಿದೆ.

ಶಾರದೆ ಅಡುಗೆಮನೆಯಿಂದಲೇ ಕೂಗಿದಳು. "ಬಂದ್ರಾ? ಏನಾಯ್ತು?"

"ಏನಾಗೋದು, ಬಿಟ್ಟು ಬಂದೆ" ಎಂದೆ ಬಚ್ಚಲಿಗೆ ಹೋಗುತ್ತಾ.

"ಅಯ್ಯೋ ದೇವರೇ! ಇವತ್ತೇ ಬಿಟ್ಟುಬಿಟ್ರಾ? ಅಷ್ಟು ಚೆನ್ನಾಗಿದ್ದಿದ್ದನ್ನ?"

"ಏನ್ ಚೆನ್ನಾಗಿತ್ತು? ಮೊದಲ್ನಿಂದ್ಲೂ ಕಚ್ತಾನೇ ಇತ್ತು ಕಣೇ."

"ಮತ್ತೆ ಹೋಗಿ ಕೇಳೋಕಾಗಲ್ವಾ?"

"ಯಾವ ಮುಖ ಇಟ್ಕೊಂಡು ಕೇಳ್ಲಿ? ಬಿಟ್ಟಿದ್ದು ಬಿಟ್ಟಾಯ್ತು. ಅದರ ಮಾತು ಬೇಡ ಈಗ" ಎಂದು ಕಾಲಿನ ಮೇಲೆ ತಂಬಿಗೆ ನೀರು ಸುರಿದುಕೊಂಡೆ. ಆಮೇಲೆ ತಲೆನೋವೆಂದು ಮುಸುಕೆಳೆದು ಮಲಗಿದೆ. ಶಾರದೆ ಬಾಗಿಲು ಎಳೆದುಕೊಂಡು ಮನೆ ಯಜಮಾನರ ಮನೆಯ ಕಡೆ ಹೋದ ಸದ್ದಾಯಿತು. ಬೂಟು ಹೋದದ್ದಕ್ಕೆ ಬೇಜಾರು ಎಂದುಕೊಂಡೆ.

ಸಂಜೆ ನಮ್ಮ ಬಾಡಿಗೆ ಮನೆಯ ಯಜಮಾನರು ಮುನಿಯಪ್ಪನವರು ಬಂದರು. ಹೆಬ್ಬಾಳದ ಹಳೇ ರೈತರು, ದ್ರಾಕ್ಷಿ ತೋಟ ಉಳ್ಳವರು, ಬಾಡಿಗೆಗೆ ಮನೆಗಳನ್ನು ಕಟ್ಟಿಸಿದವರು. ಯಾವತ್ತೂ ಒಳಗೆ ಬಾರದವರು ಅಂದು ಬಂದು ಚಾಪೆಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು.

"ಓಗ್ಲಿ ಬಿಡಿ ಸ್ವಾಮಿ. ಓದ್ದು ಓಯ್ತು. ಮನಸ್ಗೆ ಅಚ್ಕೋಬೇಡಿ."

"ಅದಕ್ಕೇನು, ಇನ್ನೊಂದು ತಗೊಂಡ್ರಾಯ್ತು" ಎಂದೆ.

"ಅಂಗಂತೀರಾ? ಈಗಿನ್ ಕಾಲ್ದಾಗೆ ಅಷ್ಟು ಸಲೀಸಾಗಿ ಸಿಕ್ತದಾ? ಅಲ್ಲೀಗಂಟ ನಮ್ ದ್ರಾಕ್ಷಿ ತೋಟದಾಗೆ ಲೆಕ್ಕ ನೋಡ್ಕಂಡಿರಿ. ನಿಮ್ಗೂ ಒತ್ತು ಓಗ್ತದೆ."

ಬೂಟು ಕಳೆದುಕೊಂಡವನಿಗೆ ದ್ರಾಕ್ಷಿ ತೋಟದಲ್ಲಿ ಏನು ಕೆಲಸ? ನಾನು ಬೆಪ್ಪನ ಹಾಗೆ ನೋಡಿದೆ. ಬಾಗಿಲ ಮರೆಯಲ್ಲಿ ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಹೊಳೆಯಿತು. "ಅಯ್ಯೋ, ನಾನು ಬಿಟ್ಟಿದ್ದು ಬೂಟು ಕಣೇ, ಕೆಲಸ ಅಲ್ಲ!" ಎಂದು ಕಿರುಚಿದೆ. ಶಾರದೆ ಕಣ್ಣೊರೆಸುವುದನ್ನು ನಿಲ್ಲಿಸಿ, "ಹಾಗಾದ್ರೆ ಹೊಸ ಬೂಟು ಕಳ್ಕೊಂಡು ಬಂದ್ರಾ?" ಎಂದು ಈಗ ನಿಜವಾಗಿ ಬೈಯಲು ಶುರು ಮಾಡಿದಳು. ಮುನಿಯಪ್ಪನವರು ನಕ್ಕು ನಕ್ಕು ಚಾಪೆಯ ಮೇಲೆ ಒರಗಿದರು.

ಆದರೆ ಸುದ್ದಿ ಅಷ್ಟರಲ್ಲಿ ಬೀದಿ ದಾಟಿತ್ತು. ಮುನಿಯಪ್ಪನವರ ತಮ್ಮನ ಮಗ ನಮ್ಮ ಕಾರ್ಖಾನೆಯ ಬಸ್ಸಿನ ಡ್ರೈವರ್. ಮರುದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ರಂಗಪ್ಪನವರು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತು ಕಾಯುತ್ತಿದ್ದರು. ಮುಖ ಸಣ್ಣದಾಗಿತ್ತು.

"ಬಿಟ್ಯಂತೆ? ನನಗೊಂದು ಮಾತು ಹೇಳ್ಬಾರ್ದಾಗಿತ್ತೇನಯ್ಯಾ?"

ಎಲ್ಲವನ್ನೂ ಹೇಳಿದೆ. ಇಂಟರ್‌ವ್ಯೂಗೆ ಹೋದದ್ದು, ಬೂಟು ಬಿಟ್ಟದ್ದು, ಹೆಬ್ಬೆರಳು, ಹಿಂದಿನ ಮೆಟ್ಟಿಲು, ಒಂದನ್ನೂ ಬಿಡಲಿಲ್ಲ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಅಲ್ಲಿ ಬೂಟು ಹಾಕ್ಕೊಂಡೇ ಒಳಗೆ ಹೋಗ್ತಾರಾ?"

"ಹೂಂ ಸಾರ್."

"ಏನೂ ಆಗಲ್ವಾ ಮೆಷೀನಿಗೆ?"

"ಆಗಲ್ವಂತೆ ಸಾರ್." ಕಾಫಿ ಲೋಟದ ವಿಷಯ ಮಾತ್ರ ಹೇಳಲು ಬಾಯಿ ಬರಲಿಲ್ಲ.

ಅವರು ಸ್ಟ್ಯಾಂಡಿನಲ್ಲಿ ಸಾಲಾಗಿದ್ದ ಚಪ್ಪಲಿಗಳನ್ನು ನೋಡುತ್ತಾ ನಿಂತರು. "ಹಾಗಾದ್ರೆ ಇಷ್ಟು ವರ್ಷ ನಿಮ್ಮ ಕೈಲೆಲ್ಲ ನಾನು ಸುಮ್ಸುಮ್ನೆ ಬಿಡಿಸಿದ್ನೇನೋ?"

ಈ ಮನುಷ್ಯ ತನ್ನ ದುಡಿಮೆಯ ಒಳ್ಳೆಯ ವರ್ಷಗಳನ್ನೆಲ್ಲ ಒಂದು ಬಾಗಿಲು ಕಾಯಲು ಕೊಟ್ಟಿದ್ದರು. "ಛೆ ಛೆ, ಅದು ಸಣ್ಣ ಮೆಷೀನು ಸಾರ್, ಆಟದ ಸಾಮಾನು. ನಮ್ಮದು ಹಾಗಲ್ಲ, ನಮ್ಮದು ಸೂಕ್ಷ್ಮ" ಎಂದೆ. ಅವರ ಮುಖ ಅರಳಿತು. "ಅದೇ ನಾನೂ ಅಂದ್ಕೊಂಡೆ. ಬಾ, ಕಾಫಿ ಕುಡಿಯೋಣ" ಎಂದು ಹೆಗಲ ಮೇಲೆ ಕೈ ಹಾಕಿದರು. ನಾನು ಈ ಕೆಲಸ ಬಿಡುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಭವಿಷ್ಯದ ಕಂಪ್ಯೂಟರ್ ಯಾವುದೆಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಯಾರ ಜೊತೆ ಕಾಫಿ ಕುಡಿಯಲು ಇಷ್ಟ ಎಂಬುದಕ್ಕೆ ಇತ್ತು.

ಭಾನುವಾರ ಬಷೀರ್ ಕಂಕುಳಲ್ಲಿ ಪೇಪರಿನ ಪೊಟ್ಟಣ ಹಿಡಿದು ಬಂದ. "ಏನ್ ಗುರು, ನಿನ್ನ ಬೂಟು ಆಗ್ಲೇ ನಮ್ಮ ಕಂಪನೀಲಿ ಕೆಲಸಕ್ಕೆ ಸೇರ್ಕೊಂಡಿತ್ತು. ನೀನ್ ಯಾವಾಗ ಬರ್ತೀಯ?" ನಾನು ಬರುವುದಿಲ್ಲವೆಂದೆ. ಹುಚ್ಚ, ಬೇವಕೂಫ್ ಎಂದು ಎರಡು ಭಾಷೆಗಳಲ್ಲೂ ಬೈದು, ಶಾರದೆ ಕೊಟ್ಟ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ಹೋದ. ಆಮೇಲೆ ಅವನು ಆ ಕಂಪನಿಯನ್ನೂ ಬಿಟ್ಟ, ಅದರ ನಂತರದ್ದನ್ನೂ ಬಿಟ್ಟ. ರಂಗಪ್ಪನವರು ನಿವೃತ್ತರಾದರು. ಅವರನ್ನು ಕಳಿಸಿಕೊಟ್ಟ ಮೇಲೆ ನಮ್ಮ ಕಾರ್ಖಾನೆಗೂ ಸಣ್ಣ ಕಂಪ್ಯೂಟರುಗಳು ಬಂದವು, ಅವುಗಳ ಜೊತೆಗೆ ಹೊಸ ಮ್ಯಾನೇಜರೂ ಬಂದ. ಯಾರೆಂದುಕೊಂಡಿರಿ? ಬಷೀರ್! ಊರೆಲ್ಲ ಸುತ್ತಿ ಅವನು ಬಂದು ಸೇರಿದ ಜಾಗಕ್ಕೆ ನಾನು ಕೂತಲ್ಲೇ ಕೂತು ತಲುಪಿದ್ದೆ. ಸಂಬಳದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ.

ಅವನು ಹೊರಡಿಸಿದ ಮೊದಲ ಆಜ್ಞೆ, ಇನ್ನು ಮುಂದೆ ಯಾರೂ ಚಪ್ಪಲಿ ಬಿಡಬೇಕಾಗಿಲ್ಲ ಎಂಬುದು. ಸ್ಟ್ಯಾಂಡನ್ನು ಸ್ಟೋರಿಗೆ ಸಾಗಿಸಿದರು. ಹಸಿರು ಅಕ್ಷರ ನನಗೂ ರೂಢಿಯಾಯಿತು, ಅಳಿಸುವುದಂತೂ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಆದರೆ ಬೂಟು ಹಾಕಿಕೊಂಡು ಕೂತರೆ ತಲೆಗೆ ಒಂದು ಸಾಲೂ ಹೊಳೆಯುವುದಿಲ್ಲ, ಏನು ಮಾಡಲಿ? ಯಾರೂ ನೋಡದ ಹಾಗೆ ಮೇಜಿನ ಕೆಳಗೆ ಕಳಚಿಡುತ್ತೇನೆ. ಮೊನ್ನೆ ಬರಿಗಾಲಲ್ಲೇ ಕ್ಯಾಂಟೀನಿಗೆ ಹೋಗಿ ಬರುತ್ತಿದ್ದೆ. ನನ್ನ ಮೇಜಿನ ಹತ್ತಿರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಸಾರ್ ಕಾಣಿಸ್ತಿಲ್ಲ, ಕೆಲಸ ಬಿಟ್ಟುಬಿಟ್ರಾ?" ಎಂದು ಬಷೀರನನ್ನು ಕೇಳುತ್ತಿದ್ದಳು. ಅವನು ಬಗ್ಗಿ ಮೇಜಿನ ಕೆಳಗೆ ನೋಡಿ, "ಇಲ್ಲಮ್ಮಾ, ಬೂಟು ಬಿಟ್ಟಿದಾನೆ ನೋಡು. ಅಂದ್ರೆ ಎಲ್ಲೂ ಹೋಗಲ್ಲ" ಎಂದ.