ಎಡಗೈ ಬೌಲರನ್ನು ಹುಡುಕಿದ್ದು

ಕ್ರಿಕೆಟ್ ಆಡಲು ನನಗೆ ಬರುವುದಿಲ್ಲ. ಆಡುವವರ ತಪ್ಪು ಹೇಳುವುದು ಮಾತ್ರ ಚೆನ್ನಾಗಿ ಬರುತ್ತದೆ. ಬೌಂಡರಿ ಗೆರೆಯಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹತ್ತು ವರ್ಷ ಹೀಗೆ ಹೇಳುತ್ತ ಬಂದರೆ ಜನ ನಿಮ್ಮನ್ನು ತಿಳಿದವರೆಂದು ನಂಬಿಬಿಡುತ್ತಾರೆ. ಗೆಜ್ಜಲಗೆರೆಯ ನಮ್ಮ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ನನಗೆ ಬೌಲರ್ ಹುಡುಕುವ ಕೆಲಸ ಬಿದ್ದದ್ದು ಹೀಗೆಯೇ. ನಮ್ಮ ತಂಡ ಪ್ರತಿ ಸಲವೂ ಕೊನೆಯ ಓವರಿನಲ್ಲಿ ಸೋಲುತ್ತಿತ್ತು. ಎಡಗೈಯವನೊಬ್ಬ ಬೇಕು, ಕೊನೆಗೆ ಬಂದು ಆರು ಎಸೆತ ಹಾಕಿ ಹೋದರೆ ಸಾಕು ಎಂದು ಬಾಯಿ ತಪ್ಪಿ ಅಂದೆ. ಹಾಗಾದರೆ ನೀನೇ ಹುಡುಕಿಕೊಂಡು ಬಾ ಎಂದ ನಮ್ಮ ನಾಯಕ ಶಿವಣ್ಣ. ಹೊರಗಿನವನೊಬ್ಬನನ್ನು ಸೇರಿಸಿಕೊಳ್ಳಲು ಕಾರ್ಖಾನೆಗಳ ನಡುವಿನ ಆ ಪಂದ್ಯಾವಳಿಯಲ್ಲಿ ಅವಕಾಶವಿತ್ತು.

ಭಾನುವಾರಗಳು ಬೈಕಿನ ಮೇಲೆಯೇ ಕಳೆದವು. ಹೊಳಲಿನಲ್ಲಿ ಎಡಗೈಯವನೆಂದು ತೋರಿಸಿದವನು ಬರೆಯುವುದಷ್ಟೇ ಎಡಗೈಯಲ್ಲಿ. ಮದ್ದೂರಿನಲ್ಲಿ ಸಿಕ್ಕವನಿಗೆ ಮೊಮ್ಮಗ ಹುಟ್ಟಿದ್ದ. ಮೂರನೆಯ ವಾರ ಹಲಗೂರಿನಲ್ಲಿ ಟೈರು ಪಂಕ್ಚರ್ ಆಯಿತು. ಪಂಕ್ಚರ್ ಹಾಕುವ ಅಂಗಡಿಯಲ್ಲಿದ್ದವನು ನಯಾಜ್, ಇಪ್ಪತ್ತೆರಡರ ತರುಣ, ಅಂಗಡಿಯವರ ಮಗ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದ್ದನಷ್ಟೇ, ಹಿಂದಿನ ಬಯಲಿನಿಂದ ಯಾರೋ ಕೂಗಿದರು: "ಕೊನೇ ಓವರ್ ಕಣ್ಲಾ, ಬಾ."

ಅವನು ಕೈ ಒರೆಸಿಕೊಂಡು ಹೋದ. ಎಡಗೈಯಲ್ಲಿ ಆರು ಎಸೆತ ಹಾಕಿದ, ಎರಡು ವಿಕೆಟ್ ಕಿತ್ತ, ವಾಪಸು ಬಂದು ಟ್ಯೂಬಿನ ತೂತು ಹುಡುಕತೊಡಗಿದ. ಒಂದೇ ಓವರ್ ಯಾಕಪ್ಪ ಎಂದು ಕೇಳಿದೆ.

"ಅಂಗ್ಡಿ ಬುಟ್ಟು ಅಷ್ಟೊತ್ತು ಓಗಕ್ಕಾಗಲ್ಲ ಸಾ. ಅದ್ಕೆ ಕೊನೇದೇ ಕೊಡ್ತಾರೆ."

ಅವರಪ್ಪನನ್ನು ಒಪ್ಪಿಸಲು ಎರಡು ಲೋಟ ಟೀ ಕುಡಿಯಬೇಕಾಯಿತು. ಅದೇ ವಾರ, ಮಂಡ್ಯದ ಕ್ಲಬ್ಬೊಂದರಲ್ಲಿ ತರಬೇತಿ ಕೊಡುವ ಹಿರಿಯರೊಬ್ಬರಿಗೆ ಹೇಳಿ, ಇವನನ್ನು ನೋಡಲು ಬನ್ನಿ ಎಂದು ಕರೆದೂ ಬಂದೆ. ತಿಳಿದವನೆಂದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ.

ಪಂದ್ಯದ ದಿನ ನಮ್ಮವನೊಬ್ಬ ಕಾಲು ಉಳುಕಿಸಿಕೊಂಡ. ಬೇರೆ ಯಾರೂ ಇಲ್ಲದೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಬಾಲು ಬರದ ಕಡೆ ಎಂದು ನಂಬಿಸಿ, ಗೆರೆಯ ಹತ್ತಿರ ನಿಲ್ಲಿಸಿದರು. ಕೊನೆಯ ಓವರ್ ನಯಾಜ್‌ಗೆ ಬಂತು. ಎದುರಾಳಿಗಳಿಗೆ ಬೇಕಿದ್ದದ್ದು ಏಳು ರನ್. ಐದು ಎಸೆತಕ್ಕೆ ಅವನು ಕೊಟ್ಟದ್ದು ಮೂರೇ. ಆರನೆಯದಕ್ಕೆ ಬ್ಯಾಟಿನವನು ಕಣ್ಣು ಮುಚ್ಚಿ ಬೀಸಿದ. ಬಾಲು ಮೇಲೆ ಹೋಗಿ, ನಿಧಾನವಾಗಿ, ವಿಳಾಸ ಕೇಳಿಕೊಂಡು ಬಂದ ಹಾಗೆ ನನ್ನ ಕೈಗೇ ಬಂತು. ಕೈಯಿಂದ ಜಾರಿ ನೆಲಕ್ಕೆ ಬಿದ್ದು ಗೆರೆ ದಾಟಿತು. ನಾಲ್ಕು ರನ್.

ಈ ಸಲವೂ ಕೊನೆಯ ಓವರಿನಲ್ಲೇ ಸೋತೆವು. ನಯಾಜ್ ನನ್ನ ಬಳಿಗೆ ಬಂದು ಮೆಲ್ಲಗೆ ಹೇಳಿದ: "ಬುಡಿ ಸಾ, ಬಿಸ್ಲು ಕಣ್ಗೆ ಒಡೀತಿತ್ತು."

ಪಂದ್ಯ ನೋಡಲು ಬಂದಿದ್ದ ಮಂಡ್ಯದ ಆ ಹಿರಿಯರೂ ಎದ್ದು ಬಂದರು. ಅವನ ಬಾಳು ಕೆಡಿಸಿದೆನಲ್ಲ ಎಂದು ನಾನೇ ಮುಂದಾಗಿ, ತಪ್ಪು ನನ್ನದು ಎಂದು ಕೈ ಮುಗಿದೆ. "ಕ್ಯಾಚ್ ಬುಟ್ಟೋರ್ನ ನೋಡಕ್ಕೆ ನಾ ಬಂದಿರ್ನಿಲ್ಲ ಕಣಪ್ಪ" ಎಂದು ನನ್ನನ್ನು ದಾಟಿ ಅವನ ಹೆಗಲ ಮೇಲೆ ಕೈ ಹಾಕಿದರು.

ನಯಾಜ್ ಈಗ ವಾರಕ್ಕೆರಡು ದಿನ ಮಂಡ್ಯಕ್ಕೆ ಹೋಗುತ್ತಾನೆ. ಆ ದಿನಗಳಲ್ಲಿ ಅಂಗಡಿ ಅಪ್ಪನದು. ಅವನನ್ನು ಕಂಡುಹಿಡಿದವನು ನಾನೇ ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ಆ ಕ್ಯಾಚಿನ ಮಾತು ಎತ್ತಿದವರಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎನ್ನುತ್ತೇನೆ. ಸೂರ್ಯ ನನ್ನ ಬೆನ್ನ ಹಿಂದಿದ್ದ ಎಂಬುದು ನಯಾಜ್‌ಗೂ ಗೊತ್ತು, ನನಗೂ ಗೊತ್ತು. ಮೂರನೆಯವರಾಗಿ ಈಗ ನಿಮಗೆ ಗೊತ್ತಾಯಿತು.