ತಂಗಿ ಮಗಳಿಗೊಂದು ಪವರ್ ಸಪ್ಲೈ

ಹಳೇ ಕಂಪ್ಯೂಟರಿನಿಂದ ಕರೆಂಟು ಒದಗಿಸುವ ಪವರ್ ಸಪ್ಲೈ ಪೆಟ್ಟಿಗೆ ಕಿತ್ತು ಬಳಸುವುದು ಬಿಟ್ಟು ದುಡ್ಡು ಕೊಟ್ಟು ಕೊಳ್ಳುವವನು ಹವ್ಯಾಸಿಯೇ ಅಲ್ಲ ಎಂದು ವರ್ನನ್ ಸ್ಟಕಿ ಕಳೆದ ತಿಂಗಳು ರೇಡಿಯೋ ಕ್ಲಬ್ಬಿನಲ್ಲಿ ಒಂದು ಗಂಟೆ ಭಾಷಣ ಬಿಗಿದಿದ್ದ. ಚಪ್ಪಾಳೆಯೂ ಬಿದ್ದಿತ್ತು. ಈ ವಾರ ಅವನದೇ ಮನೆಯಲ್ಲಿ, ಹಾಗೆ ಕಿತ್ತು ತಂದ ಪವರ್ ಸಪ್ಲೈನ ಒಂದು ತಂತಿ ಜಾರಿ ಇನ್ನೊಂದಕ್ಕೆ ತಾಗಿತು. ಹೇಳುವವರು ಕೇಳುವವರಿಲ್ಲದೆ ಕರೆಂಟೆಲ್ಲ ಒಮ್ಮೆಲೇ ನುಗ್ಗಿ, ಅದರ ಜೊತೆಗೆ ಮೂರು ತಿಂಗಳು ಕೂತು ಜೋಡಿಸಿದ್ದ ರೇಡಿಯೋವೂ ಸೀದುಹೋಯಿತು.

ಕರೆಂಟಿಗೆ ಮಿತಿ ಹಾಕುವ ಗುಂಡಿಯಿರುವ ಅಗ್ಗದ ಪವರ್ ಸಪ್ಲೈ ಒಂದನ್ನು ಕೊಳ್ಳದೆ ಗತಿಯಿರಲಿಲ್ಲ. ಕೊಂಡದ್ದು ಗೊತ್ತಾದರೆ ಕ್ಲಬ್ಬಿನಲ್ಲಿ ತಲೆಯೆತ್ತುವುದು ಹೇಗೆ? ಶನಿವಾರ ಓಹಿಯೋದ ಅವರ ಪುಟ್ಟ ಊರಿನ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಹಳೇ ಸಾಮಾನಿನ ಸಂತೆ. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಕಳ್ಳಬೆಕ್ಕಿನ ಹಾಗೆ ಒಳಹೊಕ್ಕ.

ಬರ್ನಡೀನ್ ಎಂಬ ಮುದುಕಿಯ ಮೇಜಿನ ಮೇಲೆ ಒಂದೇ ಒಂದು ಉಳಿದಿತ್ತು. ಮೂವತ್ತು ವೋಲ್ಟ್, ಐದು ಆಂಪಿಯರ್, ನಲವತ್ತು ಡಾಲರ್. ಕೈಹಾಕಿದ್ದೇ ತಡ, ಹೆಗಲ ಮೇಲೆ ಯಾರದೋ ಕೈ ಬಿತ್ತು. ಕ್ಲಬ್ಬಿನ ಅಧ್ಯಕ್ಷ ಲೈಲ್!

"ಏನಯ್ಯಾ ವರ್ನನ್, ನೀನು? ಪವರ್ ಸಪ್ಲೈ?"

"ನಂಗಲ್ಲ ಮಾರಾಯ, ತಂಗಿ ಮಗಳಿಗೆ." ವರ್ನನ್‌ಗೆ ತಂಗಿಯೇ ಇರಲಿಲ್ಲ.

"ಬನ್ರೋ ಇಲ್ಲಿ!" ಎಂದು ಲೈಲ್ ಕೂಗಿದ. ಕ್ಲಬ್ಬಿನ ಇನ್ನೂ ಮೂವರು ಡೋನಟ್ ಸಮೇತ ಬಂದು ಸುತ್ತುವರಿದರು.

"ಐದು ಆಂಪಿಯರ್ ಯಾಕೆ, ಮಗೂಗೆ ಮೂರು ಸಾಕು," ಎಂದ ಒಬ್ಬ.

"ಇದರ ಫ್ಯಾನು ಗೊರಕೆ ಹೊಡೆಯುತ್ತೆ, ಬೇಡ," ಎಂದ ಇನ್ನೊಬ್ಬ.

"ಕೊಳ್ಳೋದೇ ಯಾಕೆ?" ಎಂದ ಲೈಲ್. "ನೀನು ಹೇಳಿಕೊಟ್ಟ ಹಾಗೆ ನಾವೆಲ್ಲ ಮಾಡ್ಕೊಂಡಿದೀವಲ್ಲ, ಸೊಗಸಾಗಿ ಓಡ್ತಿದೆ. ಅವಳಿಗೂ ಒಂದು ಮಾಡಿಕೊಡು." ಮೂವರೂ ಹೂಂಗುಟ್ಟಿದರು.

ವರ್ನನ್‌ಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ತನ್ನ ಮಾತು ನಂಬಿದ ಈ ಪಾಪದವರ ಮನೆಗೆ ನಾಳೆ ಬೆಂಕಿ ಬಿದ್ದರೆ? ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ತಂಗೀನೂ ಇಲ್ಲ, ಮಗಳೂ ಇಲ್ಲ ಕಣ್ರೋ. ನಂದು ಸುಟ್ಟುಹೋಯ್ತು. ರೇಡಿಯೋನೂ ಹೋಯ್ತು. ನಾನು ಹೇಳಿದ್ದೆಲ್ಲ ತಪ್ಪು. ನೀವೂ ಅದನ್ನ ಮುಟ್ಟಬೇಡಿ."

"ಛೇ ಛೇ! ನಿನ್ನಂಥೋನೇ ಹೀಗೆ ಸುಳ್ಳು ಹೇಳೋದಾ?" ಎಂದಿತು ಲೈಲ್‌ನ ಧ್ವನಿ. ಬೂಟುಗಳ ಸದ್ದು ದೂರವಾಯಿತು.

ವರ್ನನ್ ಮೆಲ್ಲಗೆ ಕೈ ತೆಗೆದ. ಮೇಜು ಖಾಲಿ.

"ಅದೆಲ್ಲಿ ಹೋಯ್ತಮ್ಮಾ?"

"ನೀವು ಮುಖ ಮುಚ್ಕೊಂಡಿದ್ರಲ್ಲ, ಆಗ ನಿಮ್ಮ ಅಧ್ಯಕ್ಷರು ದುಡ್ಡು ಕೊಟ್ಟು ಕೋಟಿನೊಳಗೆ ಇಟ್ಕೊಂಡ್ರು," ಎಂದಳು ಬರ್ನಡೀನ್. "ಉಳಿದ ಮೂವರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಂದು ಒಂದೊಂದು ತಗೊಂಡಿದ್ರು. ಮೈಯೆಲ್ಲ ಸುಟ್ಟ ವೈರಿನ ವಾಸನೆ. ಕೇಳಿದ್ರೆ ಎಲ್ಲರೂ ತಂಗಿ ಮಗಳಿಗೆ ಅಂದ್ರು. ನಿಜ ಹೇಳಿದೋರು ನೀವೊಬ್ರೇ. ಅದಕ್ಕೇ ನಿಮಗೆ ಉಳೀಲಿಲ್ಲ ನೋಡಿ."