ತೂಕದ ಇನ್ಸ್‌ಪೆಕ್ಟರು ಪರೀಕ್ಷಿಸಿದ ಗೇಮ್ ಕೀ

ತೂಕದ ಇನ್ಸ್‌ಪೆಕ್ಟರು ತಮ್ಮ ಹೆಂಡತಿಯನ್ನು ಮೊದಲ ಸಲ ನೋಡಿದ್ದು ಒಂದು ತಕ್ಕಡಿಯ ಆಚೆ ಬದಿಯಲ್ಲಿ. ಆಗ ಅವರ ಕೆಲಸ ಹೊಸದು, ಬೂಟು ಹೊಸದು, ಹಿತ್ತಾಳೆಯ ತೂಕಗಳಿದ್ದ ಮರದ ಪೆಟ್ಟಿಗೆ ಮಾತ್ರ ಇಲಾಖೆಯಷ್ಟೇ ಹಳೆಯದು. ದಿನಸಿ ಅಂಗಡಿಯ ಗಲ್ಲಾದ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದ ಹುಡುಗಿ ಪೆನ್ಸಿಲ್ಲನ್ನು ಜಡೆಗೆ ಸಿಕ್ಕಿಸಿಕೊಂಡು ಸಾಬೂನು ಕಟ್ಟುತ್ತಿದ್ದಳು. ಅವಳ ತಂಗಿ ಪಕ್ಕದ ಮೂಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಬಂದವರು ಯಾರು ಎಂದು ಬೂಟಿನಿಂದ ಶುರುಮಾಡಿ ತಲೆಯವರೆಗೆ ಅಳೆಯುತ್ತಿದ್ದಳು. ಅಪ್ಪ ಒಳಗೆ ಸರಕು ಇಳಿಸಿಕೊಳ್ಳುತ್ತಿದ್ದರು.

ಇನ್ಸ್‌ಪೆಕ್ಟರು ತಕ್ಕಡಿಯ ಎರಡು ತಟ್ಟೆಗೂ ಸಮ ತೂಕ ಇಟ್ಟರು. ತೂಕದ ಕಲ್ಲಿಡುವ ಕಡೆಯ ತಟ್ಟೆ ನಾಚಿಕೆಯಿಲ್ಲದೆ ಕೆಳಗೆ ಇಳಿಯಿತು.

"ಈ ತಕ್ಕಡಿ ತಪ್ಪು," ಎಂದರು, ಕಳ್ಳನನ್ನು ಹಿಡಿದವರ ಗತ್ತಿನಲ್ಲಿ.

"ಯಾರಿಗೆ ತಪ್ಪು?" ಎಂದಳು ಹುಡುಗಿ.

"ನಿಮಗೇ. ಗಿರಾಕಿಗೆ ಒಂದು ಹಿಡಿ ಜಾಸ್ತಿ ಹೋಗ್ತಿದೆ."

"ಗಿರಾಕಿಗಳು ಯಾರಾದ್ರೂ ದೂರು ಕೊಟ್ರಾ?"

"ಇಲ್ಲ."

"ಮತ್ತೆ ನಿಮಗೇನು ಕಷ್ಟ?"

ಇನ್ಸ್‌ಪೆಕ್ಟರು ತಕ್ಕಡಿಯ ದಂಡದ ತುದಿಯ ತಿರುಪನ್ನು ತಿರುಗಿಸಿ ಅದನ್ನು ಸರಿಮಾಡಿದರು. ಮುಂದಿನ ಸಲ ಬಂದು ನೋಡಿದರೆ ತಟ್ಟೆ ಮತ್ತೆ ಕೆಳಗೆ! ಮತ್ತೆ ಸರಿಮಾಡಿದರು, ಮತ್ತೆ ಇಳಿಯಿತು. ತಿರುಪು ಸವೆದು ತಾನಾಗಿ ಸಡಿಲವಾಗುತ್ತಿದೆ ಎಂದು ಅವರು ತೀರ್ಮಾನಿಸಿದರು. ವರ್ಷಕ್ಕೊಮ್ಮೆ ಬರಬೇಕಾದ ತಪಾಸಣೆ ವಾರಕ್ಕೊಮ್ಮೆ ಬರತೊಡಗಿದಾಗ ಹುಡುಗಿಯ ಅಪ್ಪನೂ ಒಂದು ತೀರ್ಮಾನಕ್ಕೆ ಬಂದರು. ಮದುವೆಯಾಯಿತು.

ಆ ತಕ್ಕಡಿಯೇ ಮುಂದೆ ಮನೆ ಒಡೆಯಿತು. ಮಾವ ತೀರಿಕೊಂಡು ಅಂಗಡಿ ಮುಚ್ಚಿದಾಗ ನಾದಿನಿ ಆ ತಕ್ಕಡಿಯನ್ನು ತನ್ನ ಮನೆಗೆ ಒಯ್ಯಬೇಕೆಂದಿದ್ದಳು. ಅವಳು ಬರುವುದರೊಳಗೆ ಇನ್ಸ್‌ಪೆಕ್ಟರು, ದೋಷವಿರುವ ತಕ್ಕಡಿ ಯಾರ ಕೈಗೂ ಸಿಗಬಾರದು ಎಂಬ ನಿಯಮ ಪಾಲಿಸಿ, ಅದನ್ನು ಗುಜರಿಗೆ ಕಳಿಸಿಬಿಟ್ಟಿದ್ದರು. ನಾದಿನಿ ಬಂದಳು, ಖಾಲಿ ಗಲ್ಲಾ ನೋಡಿದಳು, ಬಂದ ದಾರಿಯಲ್ಲೇ ಹಿಂದಿರುಗಿದಳು. ಅಂದಿನಿಂದ ಭಾವನ ಜೊತೆಗೂ ಮಾತಿಲ್ಲ, ಭಾವನನ್ನು ಕಟ್ಟಿಕೊಂಡ ತಪ್ಪಿಗೆ ಅಕ್ಕನ ಜೊತೆಗೂ ಮಾತಿಲ್ಲ.

ಅಕ್ಕ ತಂಗಿಯರನ್ನು ಮತ್ತೆ ಒಂದು ಮಾಡಿದ್ದು ಕಂಪ್ಯೂಟರಿನ ಒಂದು ಆಟ. ಅದರಲ್ಲಿ ಇಬ್ಬರು ಸೇರಿ ಒಂದು ದ್ವೀಪದಲ್ಲಿ ಅಂಗಡಿ ನಡೆಸಬೇಕು. ಒಂದು ದಿನ ತಂಗಿಯಿಂದ, ಹಿಂದೆ ಮುಂದೆ ಒಂದಕ್ಷರವಿಲ್ಲದೆ, ಆಡಲು ಬಾ ಎಂಬ ಕರೆ ಬಂತು. ಅಕ್ಕ ಹೋದಳು. ಮೊದಲ ವಾರ ಕುಂಬಳಕಾಯಿಯ ದರ ಬಿಟ್ಟು ಬೇರೆ ಮಾತಿರಲಿಲ್ಲ. ಆಮೇಲೆ ಕುಂಬಳಕಾಯಿಯ ನಡುವೆ ಅಪ್ಪ ಬಂದರು, ಅಪ್ಪನ ಕೆಮ್ಮು ಬಂತು, ನಗು ಬಂತು. ಕಿಟಕಿ ಪರದೆಯ ಬಟ್ಟೆ ಮಾರುವ ಅಂಗಡಿಯಲ್ಲಿ ದಿನವಿಡೀ ನಿಂತು ಸುಸ್ತಾಗಿ ಬರುವ ಹೆಂಡತಿ ಸಂಜೆಯಾದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇನ್ನೊಂದು ಅಂಗಡಿಯಲ್ಲಿ ಖುಷಿಯಾಗಿ ನಿಲ್ಲುವುದನ್ನು ಇನ್ಸ್‌ಪೆಕ್ಟರು ಬಾಗಿಲ ಮರೆಯಿಂದ ನೋಡುತ್ತಿದ್ದರು. ಹತ್ತಿರ ಹೋಗುವ ಧೈರ್ಯವಿರಲಿಲ್ಲ. (ನಾದಿನಿಯ ಧ್ವನಿ ಹೆಡ್‌ಫೋನಿನಿಂದಲೂ ಹೊರಗೆ ಕೇಳುವಂಥದ್ದು.)

ಈಗ ಆಟದ ಎರಡನೇ ಭಾಗ ಬಂದಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಅಂಗಡಿ ತೆರೆಯುವುದೆಂದು ಮಾತಾಗಿತ್ತು. ತಂಗಿ ಆಗಲೇ ಕೊಂಡಾಗಿತ್ತು.

"ರೀ, ಇಲ್ಲಿ ನೋಡಿ. ಇವರ ಹತ್ರ ಅರ್ಧ ಬೆಲೆಗೇ ಸಿಗುತ್ತೆ," ಎಂದಳು ಹೆಂಡತಿ.

ಇನ್ಸ್‌ಪೆಕ್ಟರು ಕನ್ನಡಕ ಏರಿಸಿದರು. "ಇವರು ಅಂದ್ರೆ ಯಾರು? ಆಟ ಮಾಡಿದೋರಾ?"

"ಅಲ್ಲ. ಬೇರೆ ಯಾರೋ."

"ಅಂಗಡಿ ಎಲ್ಲಿದೆ?"

"ಅಂಗಡಿ ಇಲ್ಲ."

"ಸರಕು?"

"ಸರಕೂ ಇಲ್ಲ. ಉದ್ದಕ್ಕೆ ಒಂದಷ್ಟು ಅಕ್ಷರ, ಅಂಕಿ ಕಳಿಸ್ತಾರೆ. ಅದಕ್ಕೆ ಕೀ ಅಂತಾರೆ. ಅದನ್ನ ಕಂಪ್ಯೂಟರಲ್ಲಿ ಹಾಕಿದ್ರೆ ಆಟ ನಮ್ಮದಾಗುತ್ತೆ."

"ಅಂಗಡಿ ಇಲ್ಲ, ಸರಕಿಲ್ಲ, ಯಾರು ಅಂತ ಗೊತ್ತಿಲ್ಲ. ಇದನ್ನ ವ್ಯಾಪಾರ ಅಂತ ಯಾರು ಕರೀತಾರೆ?"

"ಅರ್ಧ ಬೆಲೆ ಉಳಿಸೋರು ಕರೀತಾರೆ."

"ನೀನು ಸುಮ್ನಿರು. ಇದು ನ್ಯಾಯವಾದದ್ದಾ ಅಲ್ವಾ ಅಂತ ನಾನು ವಿಚಾರಿಸ್ತೀನಿ," ಎಂದು ಇನ್ಸ್‌ಪೆಕ್ಟರು ಘೋಷಿಸಿದರು. ವಿಚಾರಿಸುವವರೆಗೆ ಅವರಿಗೆ ವಿಷಯ ಸ್ವಲ್ಪವಾದರೂ ಅರ್ಥವಾಗಿತ್ತು.

ಮೊದಲು ಕಚೇರಿಯ ಹಿರಿಯ ಗುಮಾಸ್ತರನ್ನು ಕೇಳಿದರು. ಕಾನೂನು ಓದಿ ಅರ್ಧಕ್ಕೆ ಬಿಟ್ಟಿದ್ದರಿಂದ ಗುಮಾಸ್ತರಿಗೆ ಎಲ್ಲ ಪ್ರಶ್ನೆಗೂ ಅರ್ಧ ಉತ್ತರ ಗೊತ್ತಿತ್ತು. ಚಹಾದ ಮೊದಲ ಗುಟುಕಿಗೆ, "ನಾನು ಕೊಂಡ ಕುರ್ಚಿ ನಾನು ಮಾರಿದ್ರೆ ಬಡಗಿ ಬಂದು ಕೇಳ್ತಾನಾ? ಧಾರಾಳವಾಗಿ ಕೊಳ್ಳಿ," ಎಂದರು. ಲೋಟ ಅರ್ಧವಾದಾಗ ಹುಬ್ಬು ಗಂಟಿಕ್ಕಿತು. "ಆದ್ರೆ ಇದು ಕುರ್ಚಿ ಅಲ್ವಲ್ಲ. ಆಡೋಕೆ ಕೊಟ್ಟ ಅನುಮತಿ. ಅನುಮತಿ ಮಾರೋಕೆ ಅನುಮತಿ ಇದೆಯಾ?" ಲೋಟ ಖಾಲಿಯಾದಾಗ, "ಮಾರೋದು ತಪ್ಪಿರಬಹುದು, ಕೊಳ್ಳೋದು ತಪ್ಪಿಲ್ಲ. ಇಲ್ಲಾ, ಅದು ತಿರುವುಮುರುವು," ಎಂದು ಲೋಟ ತೊಳೆಯಲು ಎದ್ದು ಹೋದರು.

ಅಲ್ಲಿಂದ ಕಂಪ್ಯೂಟರ್ ರಿಪೇರಿಯವನ ಬಳಿಗೆ.

"ಮೂರು ಥರ ಇರುತ್ತೆ ಸಾರ್," ಎಂದ ಅವನು, ಬಿಚ್ಚಿಟ್ಟ ಕೀಬೋರ್ಡಿನಿಂದ ಬ್ರೆಡ್ಡಿನ ಪುಡಿ ಊದುತ್ತಾ. "ಕೆಲವರಿಗೆ ಕಂಪನಿಯೇ ಮಾರೋಕೆ ಕೊಟ್ಟಿರುತ್ತೆ. ಅದು ಸರಿ. ಕೆಲವರು ಅಗ್ಗ ಇರೋ ದೇಶದಲ್ಲಿ ಕೊಂಡು ದುಬಾರಿ ಇರೋ ದೇಶದಲ್ಲಿ ಮಾರ್ತಾರೆ. ಅದು ಸರಿ ಅಂದ್ರೆ ಸರಿ, ತಪ್ಪು ಅಂದ್ರೆ ತಪ್ಪು. ಇನ್ನು ಕೆಲವರು ಕದ್ದ ಕಾರ್ಡಲ್ಲಿ ಕೊಂಡಿರ್ತಾರೆ. ಇವತ್ತು ಆಟ ತೆರೆಯುತ್ತೆ, ಮುಂದೊಂದು ದಿನ ಕಂಪನಿ ವಾಪಸ್ ಕಿತ್ಕೊಳ್ಳುತ್ತೆ."

"ಹಾಗಾದ್ರೆ ಇದು ಯಾವ ಥರದ್ದು?"

"ನೋಡೋಕೆ ಎಲ್ಲಾ ಒಂದೇ ಥರ ಸಾರ್."

"ಮುದ್ರೆ ಇರಲ್ವಾ?"

"ಮಾರೋನಿಗೆ ಸ್ಟಾರ್ ಇರುತ್ತೆ, ಐದಕ್ಕೆ ಇಷ್ಟು ಅಂತ."

"ಯಾರು ಕೊಟ್ಟಿದ್ದು?"

"ಕೊಂಡೋರು."

"ಕೊಂಡೋರನ್ನ ಪರೀಕ್ಷೆ ಮಾಡಿದ್ದು ಯಾರು?"

ರಿಪೇರಿಯವನು ಮತ್ತೆ ಪುಡಿ ಊದತೊಡಗಿದ.

ಇನ್ಸ್‌ಪೆಕ್ಟರು ಮನೆಗೆ ಬಂದಾಗ ಅವರ ತಲೆಯಲ್ಲಿ ಸರಿ ಒಂದು ತಟ್ಟೆಯಲ್ಲಿ, ತಪ್ಪು ಇನ್ನೊಂದು ತಟ್ಟೆಯಲ್ಲಿ ಕೂತು ಏರಿಳಿಯುತ್ತಿದ್ದವು. ಅಷ್ಟರಲ್ಲಿ ಹೆಂಡತಿ ಅವರ ಕಾರ್ಡಿನಿಂದಲೇ ಕೀ ಕೊಂಡು ಮುಗಿಸಿದ್ದಳು.

"ನೀವು ವಿಚಾರಿಸೋದು ಮುಗಿಯೋವಷ್ಟರಲ್ಲಿ ಮೂರನೇ ಭಾಗ ಬರುತ್ತೆ. ನೋಡಿ, ಕೀ ಬಂದಾಯ್ತು, ಚೀಟೀಲಿ ಬರ್ಕೊಂಡೂ ಆಯ್ತು."

"ಮುಟ್ಟಬೇಡ!" ಎಂದು ಇನ್ಸ್‌ಪೆಕ್ಟರು ಎರಡೂ ಕೈ ಚಾಚಿದರು. "ನಾನು ಪರೀಕ್ಷೆ ಮಾಡಿ ಹೇಳೋವರೆಗೂ ಅದನ್ನ ಮುಟ್ಟಬೇಡ. ಭಾನುವಾರ ಅವಳೆದುರು ಇದು ಕೈಕೊಟ್ರೆ ಏನಾಗುತ್ತೆ? ಅಕ್ಕ ಬೇಕಂತಲೇ ಬರಲಿಲ್ಲ ಅಂದ್ಕೊಳ್ತಾಳೆ. ಮತ್ತೆ ಮಾತು ಬಿಟ್ರೆ?"

ಇದರಲ್ಲಿ ಅರ್ಥವಿತ್ತು. ಹೆಂಡತಿ ಒಂದು ಕ್ಷಣ ಅವರ ಮುಖ ನೋಡಿ ಮೆತ್ತಗಾದಳು. "ಆಯ್ತು, ಪರೀಕ್ಷೆ ಮಾಡಿ. ಆದ್ರೆ ಕೆಡಿಸಬೇಡಿ," ಎಂದಳು. ಮರುದಿನ, ಶನಿವಾರ, ಎಂದಿನಂತೆ ಕೆಲಸಕ್ಕೆ ಹೋದಳು.

ತೂಕದ ಇಲಾಖೆಯಲ್ಲಿ ಪರೀಕ್ಷೆಯ ವಿಧಾನ ಸರಳ. ತೂಕ ಇಡಬೇಕು, ನೋಡಬೇಕು, ತೂಕ ತೆಗೆಯಬೇಕು. ಸಾವಿರ ಸಲ ಇಟ್ಟು ತೆಗೆದರೂ ತೂಕವೂ ಖರ್ಚಾಗುವುದಿಲ್ಲ, ತಕ್ಕಡಿಯೂ ಖರ್ಚಾಗುವುದಿಲ್ಲ. ಈ ಶಾಸ್ತ್ರೋಕ್ತ ವಿಧಾನವನ್ನು ಇನ್ಸ್‌ಪೆಕ್ಟರು ಶ್ರದ್ಧೆಯಿಂದ ಕಂಪ್ಯೂಟರಿಗೂ ಅನ್ವಯಿಸಿದರು. ಹೆಂಡತಿಯ ಖಾತೆ ಮುಟ್ಟಿದರೆ ಅದಕ್ಕೆ ಅಪಾಯವಾದೀತು. ಹಿಂದೊಮ್ಮೆ ಚದುರಂಗ ಆಡಲೆಂದು ಹೆಂಡತಿ ಅವರಿಗೂ ಒಂದು ಖಾತೆ ಮಾಡಿಕೊಟ್ಟು 'ತಕ್ಕಡಿ' ಎಂದು ಹೆಸರಿಟ್ಟಿದ್ದಳು. ಅಪಾಯವೇನಿದ್ದರೂ ತನ್ನ ತಲೆಗೇ ಬರಲಿ ಎಂಬ ಗಂಡನ ತ್ಯಾಗಬುದ್ಧಿಯಿಂದ ಅವರು ಆ ಖಾತೆ ತೆರೆದು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತಾ ಕೀ ಹಾಕಿದರು. ಪರದೆಯ ಮೇಲೆ ಬಣ್ಣದ ಕಾಗದಗಳು ಹಾರಿದವು. ಅಭಿನಂದನೆಗಳು ಎಂದು ಬಂತು.

ಅಸಲಿ! ಅವರಿಗೆ ಎದೆ ತುಂಬಿ ಬಂತು. ತಕ್ಷಣ ಪರದೆ ಮುಚ್ಚಿದರು, ತೂಕ ತೆಗೆದಂತೆ. ಕೀ ಬರೆದಿದ್ದ ಚೀಟಿಯ ಮೂಲೆಯಲ್ಲಿ 'ಪರೀಕ್ಷಿಸಲಾಗಿದೆ' ಎಂದು ಸಹಿ ಹಾಕಿದರು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಗೊಂದಲದಲ್ಲಿರುವ ಮನುಷ್ಯ ಎರಡೂ ಕಡೆ ಭದ್ರಮಾಡಿಕೊಳ್ಳುತ್ತಾನೆ. ಕೀ ಅಸಲಿಯೇನೋ ಸರಿ, ಮಾರಿದವನು? ಅವನ ಹತ್ತಿರ ತಮ್ಮ ಕಾರ್ಡಿನ ಅಂಕಿಗಳಿವೆಯಲ್ಲ? ಅವರು ಬ್ಯಾಂಕಿಗೆ ಫೋನ್ ಮಾಡಿ ಖಾತೆಯಿಂದ ಯಾರೂ ಏನೂ ತೆಗೆಯದಂತೆ ತಡೆ ಹಾಕಿಸಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಕಂಪ್ಯೂಟರಿನ ಮುಂದೆ ಕುಳಿತಳು. ಹೆಡ್‌ಫೋನಿನಲ್ಲಿ ತಂಗಿ ಆಗಲೇ, "ಅಕ್ಕಾ, ಬೇಗ ಬಾರೇ, ಹಡಗು ಬಂತು!" ಎನ್ನುತ್ತಿದ್ದಳು. ಹೆಂಡತಿ ಕೀ ಹಾಕಿದಳು. ಪರದೆ ಕೆಂಪಾಯಿತು.

"ರೀ! ಈ ಕೀ ಆಗಲೇ ಬಳಸಿಯಾಗಿದೆ ಅಂತ ಬರ್ತಿದೆ!"

"ನೋಡಿದ್ಯಾ!" ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಮೋಸ! ನಾನು ಹೇಳಿರಲಿಲ್ವಾ? ಒಂದೇ ಕೀ ಇಬ್ಬರಿಗೆ ಮಾರಿದಾನೆ. ಶುದ್ಧ ಕಳ್ಳ!"

"ನೀವು ಪರೀಕ್ಷೆ ಮಾಡಿದ್ರಲ್ಲ?"

"ಮಾಡಿದೆನಲ್ಲ! ನಿನ್ನೆ ಸರಿಯಾಗೇ ಇತ್ತು. ಅಭಿನಂದನೆಗಳು ಅಂತಾನೂ ಬಂತು."

ಹೆಂಡತಿ ಹೆಡ್‌ಫೋನನ್ನು ನಿಧಾನವಾಗಿ ಕತ್ತಿಗೆ ಇಳಿಸಿದಳು. "ಹೇಗೆ ಪರೀಕ್ಷೆ ಮಾಡಿದ್ರಿ?"

"ಹಾಕಿ ನೋಡಿದೆ."

"ಎಲ್ಲಿ?"

"ನನ್ನ ಖಾತೇಲಿ."

"ಬೆಂಕಿಕಡ್ಡಿ ಅಸಲಿನಾ ಅಂತ ಗೀರಿ ನೋಡಿ, ಆರಿಸಿ, ವಾಪಸ್ ಪೆಟ್ಟಿಗೇಲಿ ಇಟ್ರಾ?" ಹೆಂಡತಿಯ ಧ್ವನಿ ಮನೆಯ ಗಾಜುಗಳನ್ನೆಲ್ಲ ಪರೀಕ್ಷಿಸಿತು. "ಅದು ಒಂದೇ ಸಲ ರೀ! ಈಗ ಆಟ ನಿಮ್ಮದು!"

"ನಿನ್ನದು ನನ್ನದು ಅಂತ ಏನಿದೆ? ನನ್ನ ಖಾತೇಲಿ ನೀನೇ ಆಡು."

"ಮೊದಲ ಭಾಗದ ನನ್ನ ಅಂಗಡಿ ಇರೋದು ನನ್ನ ಖಾತೇಲಿ. ಹೊಸ ಖಾತೆಯೋರು ಅಲ್ಲಿ ಕೂಲಿಗೆ ಸೇರಬೇಕು. ನನ್ನ ಅಂಗಡೀಲಿ ನಾನೇ ಮೂಟೆ ಹೊರ್ಲಾ?"

"ಬೇಡ, ಬೇಡ. ಪೂರ್ತಿ ಬೆಲೆ ಕೊಟ್ಟು ಈಗಲೇ ಇನ್ನೊಂದು ಕೊಳ್ಳೋಣ," ಎಂದು ಇನ್ಸ್‌ಪೆಕ್ಟರು ಉದಾರವಾಗಿ ಕಾರ್ಡ್ ಚಾಚಿದರು. ಚಾಚಿದ ಮೇಲೆ ಬ್ಯಾಂಕಿನ ನೆನಪಾಯಿತು. ಅದನ್ನೂ ಹೇಳಬೇಕಾಯಿತು. ಬ್ಯಾಂಕಿನ ಖಾತೆ ಇಬ್ಬರದೂ ಒಂದೇ. ತಡೆ ತೆಗೆಯುವವರು ಬರುವುದು ಸೋಮವಾರ.

ಹೆಂಡತಿಯ ಕತ್ತಿನಲ್ಲಿದ್ದ ಹೆಡ್‌ಫೋನಿನಿಂದ ತಂಗಿಯ ಧ್ವನಿ ಸಣ್ಣಗೆ ಬರುತ್ತಿತ್ತು: "ಅಕ್ಕಾ? ಬರ್ತೀಯೋ ಇಲ್ವೋ? ಬರಲ್ಲ ಅಂದ್ರೆ ಬರಲ್ಲ ಅಂತ ಹೇಳು..." ಆ ಧ್ವನಿ ಖಾಲಿ ಗಲ್ಲಾ ನೋಡಿದ ದಿನದ ಕಡೆಗೆ ಜಾರುತ್ತಿರುವುದು ಇನ್ಸ್‌ಪೆಕ್ಟರಿಗೂ ಕೇಳಿಸಿತು.

ಹೆಂಡತಿ ಎದ್ದು ಕುರ್ಚಿಯನ್ನು ಅವರ ಕಡೆಗೆ ತಳ್ಳಿದಳು. "ಕೂತ್ಕೊಳ್ಳಿ. ಮೂಟೆ ನೀವೇ ಹೊರಿ." ಹೆಡ್‌ಫೋನ್ ತೆಗೆದು, ಧ್ವನಿ ಕೋಣೆಗೆಲ್ಲ ಕೇಳುವಂತೆ ಮಾಡಿದಳು.

ದ್ವೀಪದ ದಡದಲ್ಲಿ, ತಲೆಯ ಮೇಲೆ 'ತಕ್ಕಡಿ' ಎಂದು ಬರೆದುಕೊಂಡ ಒಬ್ಬ ಕೂಲಿಯವನು ಇಳಿದ. ಇಳಿದವನೇ ನೀರಿಗೆ ಬಿದ್ದ.

"ಯಾರಿದು?" ಎಂದಳು ನಾದಿನಿ.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ನಾನಮ್ಮಾ. ಭಾವ."

ಹೆಂಡತಿ ಹಿಂದಿನಿಂದ ನಡೆದದ್ದೆಲ್ಲ ಹೇಳಿದಳು, ಕೀ, ಪರೀಕ್ಷೆ, ಸಹಿ, ಬ್ಯಾಂಕು, ಒಂದನ್ನೂ ಬಿಡದೆ. ಸಹಿಯ ಭಾಗಕ್ಕೆ ಬಂದಾಗ ಆ ಕಡೆಯಿಂದ ಏನೋ ಒಡೆದಂಥ ಸದ್ದಾಯಿತು. ನಾದಿನಿ ನಗುತ್ತಿದ್ದಳು. ನಕ್ಕು ನಕ್ಕು ಕೆಮ್ಮಿದಳು, ಥೇಟ್ ಅವಳ ಅಪ್ಪನ ಹಾಗೆ.

"ಸರಿ, ಬನ್ನಿ ಭಾವ. ಗಿರಾಕಿ ಕಾಯ್ತಿದಾರೆ. ಕುಂಬಳಕಾಯಿ ಬೀಜ ತೂಗಿ."

ಇನ್ಸ್‌ಪೆಕ್ಟರಿಗೆ ಜೀವ ಬಂತು. ತೂಗುವುದು ಗೊತ್ತಿದ್ದ ಕೆಲಸ. ಅವರು ಎರಡೂ ತಟ್ಟೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದರು.

"ಇನ್ನೊಂದು ಹಿಡಿ ಹಾಕಿ."

"ಸರಿಯಾಗಿದೆಯಲ್ಲಮ್ಮಾ ತೂಕ?"

"ಸರಿಯಾಗಿದೆ. ಇನ್ನೊಂದು ಹಿಡಿ ಹಾಕಿ. ಅಪ್ಪ ಹಾಗೇ ಕೊಡ್ತಿದ್ರು."

"ಅದು ನಿಮ್ಮಪ್ಪ ಕೊಟ್ಟಿದ್ದಲ್ಲ. ಆ ತಕ್ಕಡೀದು ತಿರುಪು ಸವೆದು ತಾನಾಗೇ ಸಡಿಲ ಆಗ್ತಿತ್ತು."

ಈಗ ನಗು ಎರಡು ಕಡೆಯಿಂದ ಬಂತು, ಎದುರಿನಿಂದ ಒಂದು, ಬೆನ್ನ ಹಿಂದಿನಿಂದ ಒಂದು.

"ಭಾವ, ನೀವು ಮೆಟ್ಟಿಲು ಇಳಿದ ತಕ್ಷಣ ಅಪ್ಪ ಅದನ್ನ ವಾಪಸ್ ತಿರುಗಿಸ್ತಿದ್ರು. ಒಂದೊಂದು ಸಲ ನಾನೇ ತಿರುಗಿಸ್ತಿದ್ದೆ."

ಇನ್ಸ್‌ಪೆಕ್ಟರು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದರು. "ನಿನಗೂ ಗೊತ್ತಿತ್ತಾ?"

"ಮತ್ತೆ? ತಕ್ಕಡಿ ಸರಿಯಾಗೇ ಇದ್ದಿದ್ರೆ ನೀವು ವಾರ ವಾರ ಬರ್ತಿದ್ರಾ?"

ತಾವು ಗುಜರಿಗೆ ಕಳಿಸಿದ ತಕ್ಕಡಿ ಸರಿಯಿತ್ತೋ ತಪ್ಪಿತ್ತೋ, ತಮ್ಮ ಹೆಸರಿನಲ್ಲಿರುವ ಕೀ ನ್ಯಾಯದ್ದೋ ಕದ್ದದ್ದೋ, ಯಾವುದೂ ಅವರಿಗೆ ತಿಳಿಯಲಿಲ್ಲ. ಅವರು ಇನ್ನೊಂದು ಹಿಡಿ ಬೀಜ ಹಾಕಿದರು. ತಟ್ಟೆ ಕೆಳಗೆ ಇಳಿಯಿತು. "ಹಾಂ, ಈಗ ಸರಿ," ಎಂದಳು ನಾದಿನಿ.

ಸೋಮವಾರ ಬ್ಯಾಂಕು ತಡೆ ತೆಗೆಯಿತು. ಹೆಂಡತಿ ಪೂರ್ತಿ ಬೆಲೆ ಕೊಟ್ಟು ತನ್ನ ಖಾತೆಗೆ ಆಟ ಕೊಂಡು ಒಡತಿಯಾಗಿ ಗಲ್ಲಾದಲ್ಲಿ ಕುಳಿತಳು. ಆ ಕೀಯನ್ನು ಕಂಪನಿ ಇದುವರೆಗೆ ಕಿತ್ತುಕೊಂಡಿಲ್ಲ. ಇನ್ಸ್‌ಪೆಕ್ಟರು ಈಗ ಹಗಲು ಊರಿನ ತಕ್ಕಡಿಗಳಿಗೆ ಮುದ್ರೆ ಒತ್ತುತ್ತಾರೆ. ಸಂಜೆ ಹೆಂಡತಿ ಮತ್ತು ನಾದಿನಿಯ ಅಂಗಡಿಯಲ್ಲಿ ಮೂಟೆ ಹೊರುತ್ತಾರೆ.